ಆಗಮನ ಕಾಲದಲ್ಲಿ ಕಾಗದ ಒಡೆಯುವುದಿಲ್ಲ

ಸೆಪ್ಟೆಂಬರ್ 19, ಭಾನುವಾರ

ಪ್ರೀತಿಯ ಅತ್ತೆಗೆ,

ಮೊದಲೇ ಹೇಳಿಬಿಡ್ತೀನಿ, ನನಗೆ ಕಾಗದ ಬರೆದು ಅಭ್ಯಾಸ ಇಲ್ಲ. ಪರೀಕ್ಷೆಯಲ್ಲಿ 'ರಜೆ ಕೋರಿ ಪತ್ರ' ಬರೆದಿದ್ದು ಬಿಟ್ರೆ ಇದೇ ಫಸ್ಟು. ಫೋನಲ್ಲಾದ್ರೆ ಒಂದು ಸಾಲು ಕಳಿಸಿ, ನೀಲಿ ಟಿಕ್ ಬಂತಾ ನೋಡ್ಕೊಂಡು, ಆಮೇಲೆ ಮುಂದಿನ ಸಾಲು. ಇಲ್ಲಿ ಎಲ್ಲಾ ಒಂದೇ ಉಸಿರಿಗೆ ಹೇಳ್ಬೇಕು, ಮಧ್ಯದಲ್ಲಿ ನೀವು 'ಹ್ಞೂಂ' ಕೂಡ ಅನ್ನಲ್ಲ. ಗೋಡೆ ಜೊತೆ ಮಾತಾಡಿದ ಹಾಗಿದೆ. ಅಯ್ಯೋ, ನೀವಿರೋ ಕನ್ಯಾಸ್ತ್ರೀಯರ ಮಠದ ಗೋಡೆ ಅಂತ ಕುಟುಕಿದ್ದಲ್ಲ, ಬಾಯಿಗೆ ಬಂದಿದ್ದು ಬರೆದೆ. ಇಲ್ಲಿ ಡಿಲೀಟೂ ಇಲ್ಲ ನೋಡಿ.

ನಾನು ನಿಮ್ಮ ತಮ್ಮನ ಮಗಳು. ನೀವು ನನ್ನ ಕೊನೇ ಸಲ ನೋಡಿದಾಗ ನನಗೆ ಹದಿಮೂರು. ಈಗ ಹತ್ತೊಂಬತ್ತು. ಬೆಳಿಗ್ಗೆ ಕಾಲೇಜು, ಸಂಜೆ ಪಪ್ಪನ ಎಲೆಕ್ಟ್ರಿಕಲ್ ಅಂಗಡಿಯ ಗಲ್ಲಾ. ಬಲ್ಬು ಕೇಳೋರಿಗೆ ಬಲ್ಬು, ಬೈಯೋರಿಗೆ ಪಪ್ಪ.

ವಿಷಯಕ್ಕೆ ಬರ್ತೀನಿ. ನಮ್ಮ ಚರ್ಚಿನ ಯುವಜನರ ಗುಂಪಲ್ಲಿ ಈ ಸಲ ಕ್ರಿಸ್ಮಸ್ ಹಿಂದಿನ ಸಂಜೆ, ಪೂಜೆಗೆ ಮುಂಚೆ, ನಾನು ಮೂರು ನಿಮಿಷ ಮಾತಾಡ್ಬೇಕು. 'ಕ್ರಿಸ್ಮಸ್‌ನಲ್ಲಿ ಬೆಳಕು ಅಂದ್ರೆ ಏನು?' ಕೈ ಎತ್ತಿದ್ದು ನಾನೇ. ಎತ್ತಿದ ಮೇಲೆ ಹುಡುಕಿದೆ. ಎಲ್ಲಾ ಕಡೆ ಒಂದೇ ಮಾತು: ಯೇಸು ಲೋಕದ ಬೆಳಕು. ನಿಜಾನೇ, ಆದ್ರೆ ಸ್ಟೇಟಸ್ ಹಾಕೋಕೆ ಸಾಕು, ಮೂರು ನಿಮಿಷ ಬರಲ್ಲ. ಪಪ್ಪನ್ನ ಕೇಳಿದ್ರೆ, "ಬೆಳಕು ಅಂದ್ರೆ ಫೇಸು, ನ್ಯೂಟ್ರಲ್ಲು, ಅರ್ತು. ಮೂರೂ ಸರಿ ಇದ್ರೆ ಬೆಳಕು, ಇಲ್ದಿದ್ರೆ ಶಾಕು" ಅಂದ್ರು. ಒಳಗಿಂದ ಮಮ್ಮಿ, "ಮೂರು ಸೇರಿ ಒಂದು, ತ್ರಿತ್ವ ಆಯ್ತಲ್ಲ, ಅದನ್ನೇ ಹೇಳೇ" ಅಂದ್ರು. ನಮ್ಮನೆ ದೇವಶಾಸ್ತ್ರ ಇಷ್ಟೇ.

ದಿನಾ ಪ್ರಾರ್ಥನೆಯಲ್ಲೇ ಇರೋರು ನೀವು. ನಿಮಗೆ ಗೊತ್ತಿರುತ್ತೆ ಅಂತ ಬರೀತಿದ್ದೀನಿ. ವಿಳಾಸ ಕೊಟ್ಟಿದ್ದು ನಮ್ಮ ಫಾದರ್. ಪಪ್ಪಂಗೆ ಹೇಳಿಲ್ಲ.

ಬೇಗ ರಿಪ್ಲೈ ಮಾಡಿ (ಬೇಗ ಅಂದ್ರೆ ಪೋಸ್ಟಲ್ಲಿ ಎಷ್ಟಾಗುತ್ತೋ ಅಷ್ಟು),
ನಿಮ್ಮ ಸೋದರ ಸೊಸೆ


ಅಕ್ಟೋಬರ್ 6

ಮುದ್ದು ಪಟಾಕಿ,

ಈ ಹೆಸರು ನಾನಿಟ್ಟದ್ದಲ್ಲ, ನಿನ್ನ ಅಜ್ಜಿ ಇಟ್ಟದ್ದು. 'ಹಚ್ಚಿದರೂ ಸಿಡಿಯುತ್ತೆ, ಹಚ್ಚದಿದ್ದರೂ ಸಿಡಿಯುತ್ತೆ' ಅನ್ನುತ್ತಿದ್ದಳು. ಕಾಗದ ಓದಿದ ಮೇಲೆ ಅಮ್ಮನ ಮಾತು ಸುಳ್ಳಲ್ಲ ಅನ್ನಿಸಿತು.

ಊಟದ ಮನೆಯಲ್ಲಿ ಕಾಗದ ಹಂಚುವಾಗ ನನ್ನ ಹೆಸರು ಕರೆದರು. ನನ್ನ ಹೆಸರು ಕರೆದು ವರ್ಷಗಳಾಗಿತ್ತಲ್ಲ, ನಾನು ಎದ್ದೇ ಇಲ್ಲ. ಪಕ್ಕದ ಸಿಸ್ಟರ್ ಮೊಣಕೈಯಲ್ಲಿ ತಿವಿದ ಮೇಲೇ ಎದ್ದದ್ದು.

ನಾನು ದೊಡ್ಡ ಜ್ಞಾನಿ ಅಂದುಕೊಂಡಿದ್ದೀಯ. ನಾನಿಲ್ಲಿ ಬೆಳಕಿನ ಬಗ್ಗೆ ಯೋಚಿಸುವುದಕ್ಕಿಂತ ಹೆಚ್ಚು ಹೊತ್ತು ಬೆಡ್‌ಶೀಟ್ ಇಸ್ತ್ರಿ ಮಾಡುತ್ತೇನೆ. ಆದರೂ ಇಸ್ತ್ರಿ ಮಾಡುತ್ತಾ ಒಂದು ವಿಷಯ ಹೊಳೆದಿದೆ, ಹೇಳುತ್ತೇನೆ.

ಯೇಸು ಹುಟ್ಟಿದ ರಾತ್ರಿಯ ಕಥೆ ಸರಿಯಾಗಿ ನೋಡು. ದೊಡ್ಡ ಬೆಳಕು ಬಿದ್ದದ್ದು ಎಲ್ಲಿ? ಹೊಲದಲ್ಲಿ, ಕುರುಬರ ಮೇಲೆ. ಅವರು ಹೆದರಿದರು. ಮಗು ಇದ್ದದ್ದು ಎಲ್ಲಿ? ಬೇರೆ ಕಡೆ, ಕೊಟ್ಟಿಗೆಯಲ್ಲಿ. ಕೊಟ್ಟಿಗೆಯಲ್ಲಿ ಬೆಳಕಿತ್ತು ಅಂತ ಯಾರೂ ಹೇಳಿಲ್ಲ. ನಾವು ಗೋದಲಿ, ಅಂದರೆ ಆ ಕೊಟ್ಟಿಗೆಯ ಗೊಂಬೆಮನೆ, ಕಟ್ಟುವಾಗ ಬಲ್ಬು ಹಾಕುತ್ತೇವೆ, ಅಷ್ಟೆ. ಸುದ್ದಿ ತಂದ ದೇವದೂತರು ಹೊರಟುಹೋದ ಮೇಲೆ ಹೊಲ ಮತ್ತೆ ಕತ್ತಲು. ಬೆಳಕು ನೋಡಿದ ಕಣ್ಣಿಗೆ ಮೊದಲಿಗಿಂತ ಹೆಚ್ಚು ಕತ್ತಲು. ಆ ಕತ್ತಲಲ್ಲೇ ಎಡವುತ್ತಾ ನಡೆದು ಹೋಗಿ ಮಗುವನ್ನು ಹುಡುಕಿದರು. ಹೊಲಕ್ಕೂ ಕೊಟ್ಟಿಗೆಗೂ ನಡುವಿನ ಆ ದಾರಿ ಇದೆಯಲ್ಲ, ನನಗೆ ಕ್ರಿಸ್ಮಸ್ ಅಂದರೆ ಅದು. ಬೆಳಕು ಕತ್ತಲನ್ನು ಓಡಿಸಲಿಲ್ಲ ಪಟಾಕಿ. ಕತ್ತಲಲ್ಲಿ ನಡೆಯುವ ಧೈರ್ಯ ಕೊಟ್ಟಿತು.

ಇದು ಮೂರು ನಿಮಿಷ ಬರುತ್ತಾ? ನಿಧಾನವಾಗಿ ಓದಿದರೆ ಬರಬಹುದು.

ನಿನ್ನ ಅಪ್ಪ ಹೇಗಿದ್ದಾನೆ? ಈಗಲೂ ಚಪ್ಪಲಿ ಹಾಕಿಕೊಂಡೇ ಏಣಿ ಹತ್ತುತ್ತಾನಾ?

ಪ್ರೀತಿಯಿಂದ,
ಅತ್ತೆ


ಅಕ್ಟೋಬರ್ 24, ಭಾನುವಾರ

ಅತ್ತೆ,

ಸಿಕ್ಕಿಬಿದ್ದೆ. ಪೋಸ್ಟ್‌ಮ್ಯಾನ್ ಕವರ್ ಕೊಟ್ಟಿದ್ದು ಪಪ್ಪನ ಕೈಗೇ. ಪಪ್ಪ ಅಕ್ಷರ ನೋಡಿದ್ರು, ಹಿಂದೆ ಮುಂದೆ ತಿರುಗಿಸಿದ್ರು, "ನಿನ್ನ ಕಾಗದ" ಅಂತ ಗಲ್ಲಾ ಮೇಲಿಟ್ರು. ಅಷ್ಟೇ. ಆಮೇಲೆ ಒಂದೇ ಫ್ಯಾನನ್ನ ಬಿಚ್ಚಿದ್ರು, ಹಾಕಿದ್ರು, ಮತ್ತೆ ಬಿಚ್ಚಿದ್ರು. ಫ್ಯಾನು ತಂದವರು ಪಾಪ, "ಅದು ಸರಿ ಇತ್ತಲ್ಲ ಈಗ?" ಅಂದ್ರೂ ಬಿಡ್ಲಿಲ್ಲ.

ನಾನು ಬೇಕಂತಲೇ ಜೋರಾಗಿ ಓದಿದೆ. ಚಪ್ಪಲಿ ವಿಷಯ ಬಂತಲ್ಲ, ಪಪ್ಪ ಸ್ಕ್ರೂಡ್ರೈವರ್ ಕೆಳಗಿಟ್ಟು, "ಚಪ್ಪಲಿ ಹಾಕೋದು ಶಾಕ್ ಹೊಡೀಬಾರ್ದು ಅಂತ. ಹೇಳು ಅವಳಿಗೆ" ಅಂದ್ರು. ಹೇಳಿದ್ದೀನಿ. ಇದು ಆರು ವರ್ಷದಲ್ಲಿ ನಿಮಗೆ ನಿಮ್ಮ ತಮ್ಮನ ಮೊದಲ ಮೆಸೇಜು ಅಂತ ಇಟ್ಕೊಳ್ಳಿ.

ಅದೇ ಧೈರ್ಯದಲ್ಲಿ ಕೇಳಿದೆ, "ಪಪ್ಪ, ಅತ್ತೆ ಮೇಲೆ ಯಾಕೆ ಕೋಪ?"

"ಕೋಪ ಏನಿಲ್ಲ."

"ಮತ್ತೆ ಯಾಕೆ ಹೋಗಲ್ಲ?"

"ಪುರುಸೊತ್ತಿಲ್ಲ."

ಮಮ್ಮಿ ಒಳಗಿಂದ, "ಸುಳ್ಳು ಹೇಳೋದಾದ್ರೆ ರಸ್ತೇಲಿ ನಿಂತು ಹೇಳಿ, ಅಂಗಡೀಲಿ ಬೇಡ, ವ್ಯಾಪಾರ ಕೆಡುತ್ತೆ" ಅಂದ್ರು.

ಪಪ್ಪ ಫ್ಯಾನಿನ ರೆಕ್ಕೆ ಒರೆಸಿ ಪಕ್ಕಕ್ಕಿಟ್ರು. ಆಮೇಲೆ ಹೇಳಿದ್ರು. ಅಜ್ಜಿ ಹೋದಾಗ ಪಪ್ಪ ಮಠಕ್ಕೆ ಫೋನ್ ಮಾಡಿದ್ರಂತೆ. ನಿಮ್ಮ ಮಠದ ಮುಖ್ಯಸ್ಥೆ ಮದರ್ ಫೋನ್ ತಗೊಂಡು, ಒಳಮಠದವರು ಹೊರಗೆ ಬರೋ ಹಾಗಿಲ್ಲ, ಎಲ್ಲರೂ ಪ್ರಾರ್ಥನೆ ಮಾಡ್ತೀವಿ ಅಂದ್ರಂತೆ. "ಹೆತ್ತವಳ ಮಣ್ಣಿಗೆ ಬರಲಿಲ್ಲ. ಪೆಟ್ಟಿಗೆ ಹೊರೋಕೆ ಹೆಗಲು ಬೇಕಿತ್ತು. ಪ್ರಾರ್ಥನೆಗೆ ಹೆಗಲಿರುತ್ತಾ?" ಅಂದ್ರು.

ಇದನ್ನ ಬರೀಬಾರದಿತ್ತೇನೋ. ಆದ್ರೆ ಮುಚ್ಚಿಟ್ಟು 'ಎಲ್ಲಾ ಚೆನ್ನಾಗಿದೀವಿ' ಅಂತ ಬರೆಯೋಕೆ ನನಗೆ ಬರಲ್ಲ. ನಿಮ್ಮ ಕಡೆ ಮಾತು ಏನು ಅತ್ತೆ?

ಕುರುಬರ ವಿಷಯ ಗುಂಪಲ್ಲಿ ಹೇಳಿದೆ. "ಇದು ಯಾವ ವೀಡಿಯೋದಲ್ಲಿ ನೋಡಿದೆ?" ಅಂತ ಕೇಳಿದ್ರು. "ಇಸ್ತ್ರಿ ಪೆಟ್ಟಿಗೇಲಿ" ಅಂದೆ.

ಪಟಾಕಿ


ನವೆಂಬರ್ 11

ಪಟಾಕಿ,

ನನ್ನ ಕಡೆಯ ಮಾತು ಕೇಳಿದ್ದೀಯ. ನಾನು ಈ ಬಾಗಿಲ ಒಳಗೆ ಬರುವಾಗ ಎಲ್ಲ ನಿಯಮ ತಿಳಿದೇ ಬಂದೆ. ಅಮ್ಮನೇ ಕೈ ಹಿಡಿದು ಬಿಟ್ಟುಹೋದಳು. ಹಾಗಂತ ನಿನ್ನ ಅಪ್ಪನಿಗೆ ಅದನ್ನು ವಿವರಿಸಲು ಹೋಗುವುದಿಲ್ಲ. ಹೆಗಲು ನೋಯುತ್ತಿರುವವನಿಗೆ ನಿಯಮ ಓದಿ ಹೇಳಬಾರದು. ಅವನು ಕೇಳಿದ್ದು ಸರಿಯಾಗಿಯೇ ಇದೆ.

ಈಗ ಒಂದು ಸುದ್ದಿ. ನಾವಿಲ್ಲಿ ಉಳಿದಿರುವುದು ಏಳು ಜನ, ಅದರಲ್ಲಿ ನಾನೇ ಹುಡುಗಿ. ನನಗೆ ಐವತ್ತೆಂಟು! ಮಠ ಮುಚ್ಚುತ್ತಿದ್ದಾರೆ. ಜನವರಿ ಆರರ ಮೂವರು ಜ್ಞಾನಿಗಳ ಹಬ್ಬ ಮುಗಿದ ಮೇಲೆ ನಮ್ಮನ್ನು ಬೇರೆ ಮಠಕ್ಕೆ ಸೇರಿಸುತ್ತಾರೆ. ಸಮುದ್ರದ ಆಚೆ. ನಿನ್ನ ಅಪ್ಪನ ಏಣಿ ಅಷ್ಟುದ್ದ ಇಲ್ಲ. ಇಲ್ಲಿಂದ ಹೋದರೆ ಮತ್ತೆ ಈ ಕಡೆ ಬರುವುದು ಇರುವುದಿಲ್ಲ.

ಕ್ರಿಸ್ಮಸ್ ಆದ ಮೇಲೆ 26ರಿಂದ 28ರವರೆಗೆ ಭೇಟಿ ಕೋಣೆ ತೆರೆದಿರುತ್ತೆ. ಆಮೇಲೆ ಸಾಮಾನು ಕಟ್ಟುವುದು. ಅವನು ಬರಲಿ ಅಂತ ನನ್ನ ಬಾಯಲ್ಲಿ ಬರುವುದಿಲ್ಲ ಪಟಾಕಿ. ಅವನು ಕರೆದಾಗ ಹೋಗದವಳು ನಾನು. ಈಗ ಯಾವ ಮುಖ ಇಟ್ಟುಕೊಂಡು ಕರೆಯಲಿ?

ಆದರೆ ನನಗೇನು ಬೇಕು ಅಂತ ನಿನಗಾದರೂ ಹೇಳುತ್ತೇನೆ. ಅಮ್ಮ ಹೇಗೆ ಹೋದಳು ಅಂತ ನನಗೆ ಗೊತ್ತಿಲ್ಲ. ಕೊನೆಯ ಹೊತ್ತು ಕೋಣೆಯಲ್ಲಿ ಇದ್ದವನು ಅವನೊಬ್ಬನೇ ಅಂತ ಫಾದರ್ ಹೇಳಿದ್ದರು. ನೋವಿತ್ತಾ? ಏನಾದರೂ ಹೇಳಿದಳಾ? ಆರು ವರ್ಷದಿಂದ ಪ್ರಾರ್ಥನೆಗೆ ಕೂತಾಗೆಲ್ಲ ಆ ಕೋಣೆಯ ಬಾಗಿಲವರೆಗೂ ಹೋಗುತ್ತೇನೆ. ಒಳಗೆ ಏನೂ ಕಾಣುವುದಿಲ್ಲ.

ಒಂದು ಮಾತು ನೆನಪಿಟ್ಟುಕೋ. ಆಗಮನ ಕಾಲ, ಅಂದರೆ ಕ್ರಿಸ್ಮಸ್‌ಗೆ ಕಾಯುವ ನಾಲ್ಕು ವಾರ, ಶುರುವಾದರೆ ನಾವು ಕಾಗದ ಬರೆಯುವುದಿಲ್ಲ, ಬಂದದ್ದನ್ನು ಒಡೆಯುವುದೂ ಇಲ್ಲ. ಎಲ್ಲ ಒಂದು ಬುಟ್ಟಿಯಲ್ಲಿ ಬಿದ್ದಿರುತ್ತೆ. ಕ್ರಿಸ್ಮಸ್ ಬೆಳಿಗ್ಗೆ ಕೊಡುತ್ತಾರೆ. ಬರೆಯುವುದಿದ್ದರೆ ಅದಕ್ಕೆ ಮುಂಚೆ ಬರಿ.

ಅತ್ತೆ


ನವೆಂಬರ್ 26, ಶುಕ್ರವಾರ

ಅತ್ತೆ!! ಅತ್ತೆ!!

ಕವರ್ ಮೇಲೆ ಕೆಂಪು ಪೆನ್ನಲ್ಲಿ 'ಅರ್ಜೆಂಟ್' ಅಂತ ಎರಡು ಕಡೆ ಬರೆದಿದ್ದೀನಿ, ನೋಡಿರ್ತೀರ.

ಮಠ ಮುಚ್ಚೋ ವಿಷಯ ಪಪ್ಪಂಗೆ ಹೇಳಿದೆ. ಏಣಿ ಮೇಲಿದ್ರು, ಚರ್ಚಿನ ಮುಂದೆ ಸೀರಿಯಲ್ ಸೆಟ್ ಕಟ್ತಾ. ಎರಡು ಮೆಟ್ಟಿಲು ಇಳಿದು ನಿಂತ್ರು.

"ಬಾ ಅಂದಿದ್ದಾಳಾ?"

"ಬಾಯಲ್ಲಿ ಬರಲ್ಲ ಅಂದಿದ್ದಾರೆ."

"ಹಾಗಾದ್ರೆ ನನ್ನ ಕಾಲಲ್ಲೂ ಬರಲ್ಲ."

ಮತ್ತೆ ಹತ್ತಿದ್ರು. ನಾನು ಏಣಿ ಹಿಡ್ಕೊಂಡು ಕೆಳಗೇ ನಿಂತೆ. ಬಿಟ್ಟು ಹೋಗೋ ಹಾಗೂ ಇಲ್ಲ, ಬೈಯೋ ಹಾಗೂ ಇಲ್ಲ, ಬೈದ್ರೆ ಏಣಿ ಅಲ್ಲಾಡುತ್ತೆ. ಇಡೀ ಸೆಟ್ ಕಟ್ಟಿ ಇಳಿದ ಮೇಲೆ ಮುಖ ಒರೆಸ್ಕೊಂಡು ಅವರೇ ಹೇಳಿದ್ರು: "ಒಂದು ಸಾಲು ಬರೀಲಿ. ನಿನಗಲ್ಲ, ನನ್ನ ಹೆಸರಿಗೆ. 'ತಮ್ಮಾ, ಬಾ' ಅಂತ. ಬರ್ತೀನಿ."

ಕೇಳಿಸ್ತಾ? ಬರ್ತೀನಿ ಅಂದ್ರು! ನಾನು ರಸ್ತೇಲೇ ಕುಣಿದೆ. ಒಂದೇ ಒಂದು ಸಾಲು ಅತ್ತೆ. ಮುಖ ಇಲ್ಲ ಅಂದ್ರಲ್ಲ, ಕಾಗದಕ್ಕೆ ಮುಖ ಬೇಕಿಲ್ಲ, ಅದಕ್ಕೇ ಅಲ್ವಾ ಕಾಗದ ಇರೋದು. ಪ್ಲೀಸ್ ಪ್ಲೀಸ್ ಪ್ಲೀಸ್.

ನನಗೆ ಆಗಮನ ಕಾಲದ ನಿಯಮ ನೆನಪಿದೆ, ಹೆದರಬೇಡಿ. ನನ್ನ ಹತ್ರ ಚಾಕೊಲೇಟ್ ಇರೋ ಆಗಮನ ಕ್ಯಾಲೆಂಡರ್ ಇದೆ, ದಿನಕ್ಕೊಂದು ಪುಟ್ಟ ಬಾಗಿಲು. ಒಂದನೇ ತಾರೀಕಿಂದ ಶುರು. ಇವತ್ತು ಹಾಕಿದ್ರೆ ಸೋಮವಾರ ನಿಮ್ಮ ಕೈಲಿ. ಮಂಗಳವಾರ ಬರೆದು ಹಾಕಿ. ಆರಾಮಾಗಿ ಟೈಮಿದೆ.

ಕುಣೀತಾ ಇರೋ,
ಪಟಾಕಿ


ಡಿಸೆಂಬರ್ 8

ಅತ್ತೆಗೆ,

ಇದನ್ನ ನೀವು ಓದಲ್ಲ ಅಂತ ಗೊತ್ತಿದ್ದೇ ಬರೀತಿದ್ದೀನಿ. ಬುಟ್ಟಿಗೆ ಬರೀತಿದ್ದೀನಿ ಅನ್ನಿ.

ಕಾಗದ ಹಾಕಿ ಎರಡೇ ದಿನಕ್ಕೆ, ಭಾನುವಾರ, ಚರ್ಚಲ್ಲಿ ಹಸಿರು ಎಲೆಯ ದುಂಡು ಹಾರದ ಮೇಲೆ ನಾಲ್ಕು ಕ್ಯಾಂಡಲ್ ಇಟ್ಟು ಫಾದರ್ ಮೊದಲನೇದು ಹಚ್ಚಿದ್ರು. ಆಗಮನ ಕಾಲದ ಮೊದಲ ಭಾನುವಾರ ಅಂದ್ರು. ಪ್ರತಿ ವರ್ಷ ಇದನ್ನ ನೋಡಿದ್ದೀನಿ, ಅತ್ತೆ! ಪ್ರತಿ ವರ್ಷ! ಆದ್ರೂ ಚಾಕೊಲೇಟ್ ಡಬ್ಬಿ ಹೇಳಿದ್ದೇ ಸರಿ ಅಂದ್ಕೊಂಡೆ. ನನ್ನ ಕಾಗದ ಇನ್ನೂ ದಾರೀಲಿತ್ತು, ನಿಮ್ಮ ಬಾಗಿಲು ಆಗಲೇ ಹಾಕಿತ್ತು.

ಮಠದ ಆಫೀಸಿಗೆ ಫೋನ್ ಮಾಡಿದೆ. ಬಾಗಿಲು ನೋಡ್ಕೊಳ್ಳೋ ಸಿಸ್ಟರ್, "ಯಾರಿಗಾದ್ರೂ ಹುಷಾರಿಲ್ವಾ ಮಗು?" ಅಂದ್ರು. ಎಲ್ಲರೂ ಗುಂಡುಕಲ್ಲಿನ ಹಾಗಿದ್ದೀವಿ ಅಂದೆ. "ಹಾಗಾದ್ರೆ ಕ್ರಿಸ್ಮಸ್‌ವರೆಗೂ ಕಾಯಮ್ಮ" ಅಂತ ಇಟ್ಟುಬಿಟ್ರು. ಒಂದು ಸುಳ್ಳು ಜ್ವರ ಹೇಳೋಕೆ ಬರಲಿಲ್ಲವಲ್ಲ ನನಗೆ.

ಪಪ್ಪ ಬಾಯಿ ಬಿಟ್ಟು ಏನೂ ಕೇಳ್ತಿರಲಿಲ್ಲ. ಆದ್ರೆ ದಿನಾ ಮಧ್ಯಾಹ್ನ, "ಪೋಸ್ಟ್‌ಮ್ಯಾನ್ ಹೋದ್ನಾ?" ಕರೆಂಟ್ ಬಿಲ್ಲಿಗೆ ಯಾರಾದ್ರೂ ಇಷ್ಟು ಕಾಯ್ತಾರಾ? ನಿನ್ನೆ ತಡೆಯೋಕಾಗ್ಲಿಲ್ಲ, ಹೇಳಿಬಿಟ್ಟೆ. ಪಪ್ಪ ನಕ್ರು. ಆ ನಗು ನನಗೆ ಬೇಡವಾಗಿತ್ತು. "ತಾಯಿ ಹೋದ್ರೂ ಬರಲ್ಲ, ತಮ್ಮ ಬರ್ತೀನಿ ಅಂದ್ರೂ ಕಾಗದ ಒಡೆಯಲ್ಲ. ಚೆನ್ನಾಗಿದೆ" ಅಂದ್ರು. ಈಗ ಪೋಸ್ಟ್‌ಮ್ಯಾನ್ ವಿಷಯ ಕೇಳ್ತಿಲ್ಲ. ನಾನು ಹೊಲಿಯೋಕೆ ಹೋಗಿ ಇನ್ನೂ ಹರಿದೆ.

ಕ್ರಿಸ್ಮಸ್ ಹಿಂದಿನ ಸಂಜೆ ಹೇಗಿರುತ್ತೆ ಅಂತ ನಿಮಗೆ ನೆನಪಿದೆಯಾ? ಚರ್ಚಲ್ಲಿ ಎಲ್ಲಾ ಲೈಟು ಆರಿಸಿ, ಪೀಠದ ಮೇಲೆ ಒಂದೇ ಕ್ಯಾಂಡಲ್. ಅದರಿಂದ ಮೊದಲ ಸಾಲಿಗೆ, ಅಲ್ಲಿಂದ ಹಿಂದಕ್ಕೆ, ಕೈಯಿಂದ ಕೈಗೆ. ಇವತ್ತು ಯುವಜನರಿಗೆಲ್ಲ ಪಪ್ಪ ಪ್ರಾಕ್ಟೀಸ್ ಮಾಡಿಸಿದ್ರು. ಹೋದ ವರ್ಷ ಯಾರದೋ ಸೀರೆ ಮೇಲೆ ಮೇಣ ಬಿದ್ದು ಜಗಳ ಆಗಿತ್ತು. "ನೋಡ್ರಪ್ಪಾ, ಉರಿಯೋ ಕ್ಯಾಂಡಲ್ ಬಗ್ಗಿಸಬಾರ್ದು. ಅದು ನೆಟ್ಟಗೆ ನಿಲ್ಲಬೇಕು. ಆರಿರೋದೇ ಬಗ್ಗಿ ಹಚ್ಕೋಬೇಕು" ಅಂದ್ರು. ಹಿಂದಿನ ಸಾಲಲ್ಲಿ ಇಬ್ಬರು ಹುಡುಗರು ತಮ್ಮ ತಮ್ಮ ಕ್ಯಾಂಡಲ್ ನೆಟ್ಟಗೆ ಹಿಡ್ಕೊಂಡು ಒಬ್ಬರ ಮುಖ ಒಬ್ಬರು ನೋಡ್ತಾ ನಿಂತಿದ್ರು. ಎರಡೂ ಆರಿತ್ತು! ಪಪ್ಪ, "ಏನ್ರೋ, ಮೇಣದ ಗೊಂಬೆಗಳಾ?" ಅಂತ ಬೈದ್ರು.

ಆಗ ನನಗೆ ನೀವಿಬ್ಬರು ಕಂಡ್ರಿ. ಅಕ್ಕ ತಮ್ಮ ಇಬ್ಬರೂ 'ನಂದು ಉರೀತಿದೆ, ಅವರೇ ಬಗ್ಗಲಿ' ಅಂತ ನೆಟ್ಟಗೆ ನಿಂತಿದ್ದೀರ. ಕರೆಯೋ ಮುಖ ಇಲ್ಲ ಅಂತೀರಲ್ಲ, ಅದೂ ಒಂಥರಾ ನೆಟ್ಟಗೆ ನಿಲ್ಲೋದೇ ಅತ್ತೆ. ಸಿಟ್ಟು ಬಂದ್ರೆ ಬರಲಿ. ಹೇಗೂ ಕ್ರಿಸ್ಮಸ್ ದಿನ ಓದ್ತೀರಲ್ಲ, ಹಬ್ಬದ ದಿನ ಯಾರೂ ಬೈಯಲ್ಲ.

ಪಟಾಕಿ (ಒದ್ದೆಯಾಗಿದೆ)


ಡಿಸೆಂಬರ್ 25, ಬೆಳಿಗ್ಗೆ

ಮಗಳೇ,

ಬುಟ್ಟಿ ಬಂತು. ನನಗೆ ಎರಡು ಕಾಗದ. ಅವಸರದಲ್ಲಿ ಎರಡನೆಯದನ್ನೇ ಮೊದಲು ಒಡೆದೆ, ಬೈಗುಳ ಮೊದಲು, ಕುಣಿತ ಆಮೇಲೆ. ಕೆಂಪು ಅಕ್ಷರದ 'ಅರ್ಜೆಂಟ್' ನೋಡಿ ಮದರ್ ಕೂಡ ಹತ್ತಿರ ಬಂದು ನಿಂತರು. ಅವರಿಗೂ ಓದಿಸಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ನೀನು ಬೈದದ್ದು ಸರಿ. ನಾಲ್ಕು ವಾರ ನಾವು ಇಲ್ಲಿ ಬಾಗಿಲು ಹಾಕಿಕೊಂಡು, ಕಾಗದ ಮುಚ್ಚಿಟ್ಟುಕೊಂಡು, ದಿನಾ ಹಾಡುತ್ತಿದ್ದೆವು: ಬಾ, ಬೆಳಕೇ ಬಾ, ಕಾಯುತ್ತಿದ್ದೇವೆ. ಕಾಯುತ್ತಿರುವವಳು ನಾನು ಅಂದುಕೊಂಡಿದ್ದೆ. ಕಾಯುತ್ತಿದ್ದವನು ನಿನ್ನ ಅಪ್ಪ. ಪೋಸ್ಟ್‌ಮ್ಯಾನ್ ಹೋದನಾ ಅಂತ.

ಇವತ್ತು ಬೆಳಗಿನ ಪೂಜೆಯಲ್ಲಿ ಗೋದಲಿಯ ಮುಂದೆ ಮಂಡಿಯೂರಿದಾಗ ಆ ಮಗುವನ್ನು ನೋಡಲಾಗಲಿಲ್ಲ ನನಗೆ. ಯಾರು ಮೊದಲು ಕರೆಯಬೇಕು, ಯಾರು ಮೊದಲು ಬಗ್ಗಬೇಕು ಅಂತ ಲೆಕ್ಕ ಹಾಕದೆ ಬಂದದ್ದು ಅದು. ಉರಿಯುವ ಬತ್ತಿ ಬಗ್ಗಬಾರದು ಅಂತ ನಿನ್ನ ಅಪ್ಪ ಕಲಿಸಿದ್ದು ಚರ್ಚಿನ ಸೀರೆಗಳ ಸಲುವಾಗಿ ಸರಿ. ಆದರೆ ಕ್ರಿಸ್ಮಸ್‌ನಲ್ಲಿ ಬಗ್ಗಿದ್ದು ಉರಿಯುವ ಬತ್ತಿಯೇ. ಕೊಟ್ಟಿಗೆಯ ಮಟ್ಟಕ್ಕೆ ಬಗ್ಗಿತು. ಕೈ ಮೇಲೆ ಮೇಣ ಬೀಳುತ್ತೆ ಅಂತ ಗೊತ್ತಿದ್ದೂ ಬಗ್ಗಿತು. ಇಷ್ಟು ವರ್ಷ ಅದರ ಮುಂದೆ ಮಂಡಿಯೂರಿದ್ದೇನೆ, ಇದು ಹೊಳೆದದ್ದು ಇವತ್ತು.

ಕೆಳಗಿನ ಸಾಲು ನಿನ್ನ ಅಪ್ಪನಿಗೆ.

ತಮ್ಮಾ, ಬಾ.

ಅಂಚೆ ಕಚೇರಿ ತೆಗೆಯುವುದು ಸೋಮವಾರ. ಇದು ನಿಮ್ಮ ಮನೆ ಸೇರುವ ಹೊತ್ತಿಗೆ ಭೇಟಿ ಕೋಣೆ ಮುಚ್ಚಿರುತ್ತೆ. ಗೊತ್ತು. ಆದರೂ ಬರೆದಿದ್ದೇನೆ.

ಅತ್ತೆ


ಡಿಸೆಂಬರ್ 25, ಮಧ್ಯಾಹ್ನ

ಅತ್ತೆ,

ಹ್ಯಾಪಿ ಕ್ರಿಸ್ಮಸ್! ಈ ಕಾಗದಕ್ಕಿಂತ ಮುಂಚೆ ನಾವೇ ಅಲ್ಲಿರ್ತೀವಿ. ಹೌದು, ನಾವು! ಆದ್ರೂ ಬರೀತಿದ್ದೀನಿ, ಹೊಟ್ಟೇಲಿ ಇಟ್ಕೊಂಡ್ರೆ ಸಿಡಿದು ಹೋಗ್ತೀನಿ.

ನಿನ್ನೆ ಸಂಜೆಯಿಂದ ಶುರು ಮಾಡ್ತೀನಿ. ನನ್ನ ಮಾತು ಸೊನ್ನೆ. ಮೈಕ್ ಮುಂದೆ ಕುರುಬರು ಹೊಲದಿಂದ ಹೊರಟ್ರು, ದಾರೀಲೇ ಕಳೆದುಹೋದ್ರು, ನಾನೂ ಕಳೆದುಹೋದೆ. ಥ್ಯಾಂಕ್ಯೂ ಹೇಳಿ ಇಳಿದುಬಿಟ್ಟೆ.

ಆಮೇಲೆ ಲೈಟು ಆರಿತು. ಕ್ಯಾಂಡಲ್ ಸಾಲಿಂದ ಸಾಲಿಗೆ ಹೋಯ್ತು, ಯಾರ ಸೀರೆಗೂ ಏನಾಗ್ಲಿಲ್ಲ. ಮಾಮೂಲಿ ಏನಂದ್ರೆ, ಮಹಿಮೆಯ ಹಾಡು ಶುರುವಾದ ಕೂಡಲೇ ಗಂಟೆ ಹೊಡೀತಾರೆ, ಪೀಠದ ಹಿಂದಿನ ಕೋಣೇಲಿ ಪಪ್ಪ ಮೇನ್ ಸ್ವಿಚ್ ಹಾಕ್ತಾರೆ, ಜಗ್ ಅಂತ ಇಡೀ ಚರ್ಚು ಬೆಳಗುತ್ತೆ, ಮಕ್ಕಳು ಓ ಅಂತಾವೆ. ನಿನ್ನೆ ಹಾಡು ಶುರುವಾಯ್ತು, ಗಂಟೆ ಹೊಡೆದ್ರು. ಲೈಟು ಬರಲಿಲ್ಲ. ಎಲ್ಲರೂ ಹಾಡ್ತಾನೇ ಮೇಲೆ ನೋಡ್ತಾರೆ. ನಾನು ಫ್ಯೂಸ್ ಹೋಯ್ತು ಅಂದ್ಕೊಂಡು ಕ್ಯಾಂಡಲ್ ಸಮೇತ ಪೀಠದ ಹಿಂದಕ್ಕೆ ಓಡಿದೆ.

ಪಪ್ಪ ಸ್ವಿಚ್ ಮೇಲೆ ಕೈ ಇಟ್ಕೊಂಡು ಕತ್ತಲಲ್ಲಿ ನಿಂತಿದ್ರು.

"ಪಪ್ಪ, ಫ್ಯೂಸಾ?"

"ಅಲ್ಲ."

"ಮತ್ತೆ?"

"ಸುಮ್ನಿರು. ನೋಡು."

ಬಾಗಿಲ ಸಂದಿಂದ ನೋಡಿದೆ. ಅತ್ತೆ, ಲೈಟು ಹಾಕಿದ್ರೆ ನಮಗೆ ಚರ್ಚು ಕಾಣುತ್ತೆ: ಕಂಬ, ಕಿಟಕಿ, ತೋರಣ. ನಿನ್ನೆ ಬರೀ ಮುಖ ಕಾಣ್ತಿತ್ತು. ಎಲ್ಲರ ಮುಖಕ್ಕೂ ಅವರವರ ಕೈಯಿಂದಲೇ ಬೆಳಕು. ಯಾವಾಗಲೂ ಜಗಳ ಆಡೋ ಹಾಲಿನ ಅಂಗಡಿಯವರು ಕೂಡ ಪಾಪದವರ ಹಾಗೆ ಕಾಣ್ತಿದ್ರು.

"ಇಷ್ಟು ವರ್ಷ ನಾನು ಇದನ್ನ ನೋಡೇ ಇಲ್ಲ. ಹಾಡು ಬಂತಾ, ಸ್ವಿಚ್ ಹಾಕಿದ್ನಾ, ಅಷ್ಟೇ" ಅಂದ್ರು ಪಪ್ಪ. ಆಮೇಲೆ, "ಇನ್ನೊಂದು ಕ್ಯಾಂಡಲ್ ಇದೆಯೇನೇ?" ಅಂದ್ರು. ಜೇಬಲ್ಲಿ ಒಂದು ತುಂಡಿತ್ತು, ಕೊಟ್ಟೆ. ಪಪ್ಪ ಅದನ್ನ ನನ್ನ ಕ್ಯಾಂಡಲ್ ಕಡೆ ಬಗ್ಗಿಸಿ ಹಚ್ಕೊಂಡ್ರು.

ಹಾಡು ಮುಗಿದ ಮೇಲೇ ಲೈಟು ಹಾಕಿದ್ದು. ಪೂಜೆ ಆದ ಮೇಲೆ ಫಾದರ್ ಬಂದು, "ಏನಪ್ಪಾ, ಸ್ವರ್ಗದಲ್ಲೂ ಪವರ್ ಕಟ್ಟಾ?" ಅಂದ್ರು. ಪಪ್ಪ, "ಹೌದು ಫಾದರ್, ಮೇಲಿಂದಲೇ ಹೋಗಿತ್ತು" ಅಂದ್ರು.

ಇವತ್ತು ಬೆಳಿಗ್ಗೆ ಕೇಕ್ ತಿನ್ನುವಾಗ, ತಲೆ ಎತ್ತದೇ, "ಸೋಮವಾರ ಆ ಕಡೆಗೆ ಮೊದಲನೇ ಬಸ್ಸು ಎಷ್ಟೊತ್ತಿಗೆ?" ಅಂದ್ರು. ಮಮ್ಮಿ ಚಾಕು ಹಿಡ್ಕೊಂಡು ಹಾಗೇ ನಿಂತ್ರು. ನಾನು ದಡ್ಡಿ, "ಆದ್ರೆ ಅತ್ತೆಯ ಸಾಲು ಬಂದಿಲ್ಲವಲ್ಲ ಪಪ್ಪ" ಅಂದುಬಿಟ್ಟೆ. ಮಮ್ಮಿ ಮೇಜಿನ ಕೆಳಗೆ ಒದ್ರು.

ಪಪ್ಪ ಅಂದ್ರು, "ಕಾಗದ ಬಂದ್ಮೇಲೆ ಯಾರು ಬೇಕಾದ್ರೂ ಹೋಗ್ತಾರೆ."

ಬರ್ತಿದ್ದೀವಿ.

ನಿಮ್ಮ ಪಟಾಕಿ


ಡಿಸೆಂಬರ್ 28

ಅತ್ತೆ,

ಮನೆ ಸೇರಿದ್ವಿ. ಬಸ್ಸಲ್ಲಿ ಪಪ್ಪ ಕಿಟಕಿ ಕಡೆ ಮುಖ ಮಾಡ್ಕೊಂಡು ಬಂದ್ರು, ಮಾತಿಲ್ಲ. ಆದ್ರೆ ಇದು ಹಳೇ ಥರದ ಸುಮ್ಮನಿರೋದಲ್ಲ. ನನಗೆ ವ್ಯತ್ಯಾಸ ಗೊತ್ತಾಗುತ್ತೆ.

ನಿಮ್ಮನ್ನ ನೋಡಿ ನಾನು ಅಳ್ತೀನಿ ಅಂದ್ಕೊಂಡಿದ್ದೆ. ನೀವಿಬ್ಬರೂ ಅರ್ಧ ಗಂಟೆ ಮಠದ ಹಳೇ ವೈರಿಂಗ್ ಬಗ್ಗೆ ಮಾತಾಡಿದ್ದು ಕೇಳಿ ತಲೆ ಚಚ್ಚಿಕೊಳ್ಳೋಣ ಅನ್ನಿಸ್ತು. "ಇಲ್ಲಿ ಅರ್ತಿಂಗ್ ಇದೆಯೇನೇ ಅಕ್ಕ?" "ಇದೆ ಅಂತಾರಪ್ಪ." "ಅಂತಾರೆ ಅಂದ್ರೇನು, ಚೆಕ್ ಮಾಡ್ಸಿಲ್ವಾ?" ಆರು ವರ್ಷ ಆದ ಮೇಲೆ ಮಾತಾಡೋ ಮಾತಾ ಇದು? ಆಮೇಲೆ ಪಪ್ಪ ನನ್ನ ಕಡೆ ತಿರುಗಿ, "ನೀನು ಹೊರಗೆ ಹೋಗಿ ಟೀ ಕುಡಿ" ಅಂದ್ರು. ನಾನು ಟೀ ಕುಡಿಯಲ್ಲ ಅಂತ ಅವರಿಗೆ ಗೊತ್ತು.

ಹೋದೆ. ಬಾಗಿಲ ಗಾಜಲ್ಲಿ ಕಂಡಿದ್ದು ಇಷ್ಟು: ಪಪ್ಪ ಭೇಟಿ ಕೋಣೆಯ ನಡುವಿನ ಕಂಬಿ ಹಿಡ್ಕೊಂಡು ಮಾತಾಡ್ತಾನೇ ಇದ್ರು, ನೀವು ಕಂಬಿಗೆ ಹಣೆ ಒತ್ತಿ ಕೇಳ್ತಾನೇ ಇದ್ರಿ. ಏನು ಅಂತ ಕೇಳಲ್ಲ. ಕೇಳ್ಬೇಕು ಅಂತ ಸಾಯ್ತಿದ್ದೀನಿ, ಆದ್ರೂ ಕೇಳಲ್ಲ.

ಪಟಾಕಿ


ಜನವರಿ 3

ಅಕ್ಕಾ,

ನನಗೆ ಬರವಣಿಗೆ ಬರಲ್ಲ. ನಿನಗೆ ಗೊತ್ತು, ಶಾಲೇಲಿ ನನ್ನ ಪ್ರಬಂಧ ಬರೀತಿದ್ದವಳೇ ನೀನು. ತಪ್ಪಿದ್ರೆ ತಿದ್ದಿಕೋ.

ನಿನ್ನ 'ಬಾ' ಅನ್ನೋ ಸಾಲು ಮೊನ್ನೆ ಬಂತು. ಹೋಗಿ ಬಂದವನಿಗೆ ಬಾ. ನಿನ್ನ ಸೊಸೆ ಬಿದ್ದು ಬಿದ್ದು ನಕ್ಕಳು. ನಾನು ಅದನ್ನ ಅಂಗಡಿಯ ಮೀಟರ್ ಬೋರ್ಡಿನ ಒಳಗೆ ಇಟ್ಟಿದ್ದೀನಿ. ಅಲ್ಲಿ ಬೇರೆ ಯಾರೂ ಕೈ ಹಾಕಲ್ಲ.

ಅವತ್ತು ಕಂಬಿ ಹತ್ರ ಎಲ್ಲಾ ಹೇಳಿದೆ ಅಂದ್ಕೊಂಡೆ. ಆಸ್ಪತ್ರೆಯವರು ಮನೆಗೆ ಕರ್ಕೊಂಡು ಹೋಗಿ ಅಂದಿದ್ದು, ನೋವು ಇರಲಿಲ್ಲ ಅನ್ನೋದು, ನಿನ್ನ ಫೋಟೋ ತಲೆದಿಂಬಿನ ಪಕ್ಕ ಇತ್ತು ಅನ್ನೋದು. ಒಂದು ಹೇಳಲಿಲ್ಲ. ಬಾಯಿಗೆ ಬಂತು, ವಾಪಸ್ ಹೋಯ್ತು. ನೀನು ವಿಮಾನ ಹತ್ತೋದ್ರೊಳಗೆ ಇದು ಸಿಗಲಿ ಅಂತ ಬರೀತಿದ್ದೀನಿ.

ಸಂಜೆಯಾಗಿತ್ತು. ಅಮ್ಮನ ಮುಖ ಕಾಣ್ಲಿ ಅಂತ ಮಂಚದ ಪಕ್ಕ ಒಂದು ಲೈಟು ಎಳೆದು ಹಾಕಿದ್ದೆ. ಅಮ್ಮ ಕಣ್ಣು ಬಿಟ್ಟು, "ಆ ಲೈಟು ಆರಿಸೋ, ಕರೆಂಟು ದಂಡ. ನನಗೆ ಕಾಣ್ತಾ ಇದೆ" ಅಂದಳು. ಅಮ್ಮನ ಜುಗ್ಗತನ ನಿನಗೆ ಗೊತ್ತಲ್ಲ. ನಗು ಬಂತು, ಆರಿಸಿದೆ. ಕತ್ತಲಲ್ಲಿ ಕೈ ಹಿಡ್ಕೊಂಡು ಕೂತೆ. ಎಷ್ಟು ಹೊತ್ತೋ. ಕೈ ತಣ್ಣಗಾಯ್ತು ಅನ್ನಿಸಿ ಲೈಟು ಹಾಕಿದಾಗ ಹೋಗಿದ್ದಳು.

ಊರಿಗೆಲ್ಲ ಲೈಟು ಹಾಕೋ ಮಗ, ಅಮ್ಮ ಹೋಗೋ ಹೊತ್ತಿಗೆ ಆರಿಸಿ ಕೂತಿದ್ದೆ. ಇದನ್ನ ಯಾರಿಗೆ ಹೇಳಲಿ? ಹೆಂಡತಿಗೂ ಹೇಳಿಲ್ಲ. ಹೇಳಬಹುದಾಗಿದ್ದವಳು ನೀನೊಬ್ಬಳೇ, ನೀನು ಬರಲಿಲ್ಲ. ನನ್ನ ಸಿಟ್ಟೆಲ್ಲ ಅದೇ ಅಕ್ಕ, ಬೇರೇನಲ್ಲ.

ಈ ಸಲ ಕ್ರಿಸ್ಮಸ್ ಹಿಂದಿನ ಸಂಜೆ ಸ್ವಿಚ್ ಮೇಲೆ ಕೈ ಇಟ್ಟಾಗ ಅದೇ ಕೋಣೆ ಕಣ್ಣಿಗೆ ಬಂತು. ಕೈ ಏಳಲಿಲ್ಲ. ಆಚೆ ನೋಡಿದ್ರೆ ಕತ್ತಲಲ್ಲಿ ಎಲ್ಲರೂ ಕಾಣ್ತಿದ್ರು. ಅಮ್ಮ ಜುಗ್ಗತನಕ್ಕೆ ಹೇಳಿದ್ದಲ್ಲವೇನೋ, ನಿಜವಾಗ್ಲೂ ಕಾಣ್ತಿತ್ತೇನೋ ಅನ್ನಿಸ್ತು.

ಏನು ಕಾಣ್ತಾ ಇದೆಯಮ್ಮ ಅಂತ ನಾನು ಕೇಳಲಿಲ್ಲ ಅಕ್ಕ. ನನ್ನ ಜಾಗದಲ್ಲಿ ನೀನಿದ್ದಿದ್ರೆ ಕೇಳಿರ್ತಿದ್ದೆ.

ನಿನ್ನ ತಮ್ಮ